ಮಿಲ್ಟ್ರಿ ಮಾವನ ಕೊಪ್ಪೆ

ಬಸ್ಸು ಪ್ರಪಾತಕ್ಕೆ ಉರುಳಬಹುದಿತ್ತು. ಎತ್ತರದಲ್ಲಿ ಉಸಿರು ಕಟ್ಟಬಹುದಿತ್ತು. ಹಿಮದಲ್ಲಿ ಕಾಲು ಜಾರಿ ಸೊಂಟ ಮುರಿದು, ಹಿರಿಯೂರಿನಿಂದ ಹೆಂಡತಿ ಅಷ್ಟು ದೂರ ಬಂದು ಬೈಯಬಹುದಿತ್ತು. ವಿಮಾನ ನಿಲ್ದಾಣದಲ್ಲಿ, ಚೀಲದೊಳಗಿನ ಕಂಬಳಿಯ ವಾಸನೆಗೆ ಪೊಲೀಸರು ನನ್ನನ್ನೇ ಹಿಡಿದಿಡಬಹುದಿತ್ತು… ಹೊರಡುವ ಮೊದಲೇ ಇವನ್ನೆಲ್ಲ ಮನಸ್ಸಿನಲ್ಲಿ ಅನುಭವಿಸಿ ಮುಗಿಸಿದ್ದೆ.

ಕುರಿಯುಣ್ಣೆ, ಹುಣಸೆಬೀಜದ ಗಂಜಿ ಬೆರೆತ ಆ ವಾಸನೆ ನಮ್ಮ ಪಕ್ಕದ ಮನೆಯ ಮಿಲ್ಟ್ರಿ ಮಾವನದು. ಗಂಜಿ ಹಾಕಿದ ಕಂಬಳಿಯನ್ನು ತಲೆ ಮುಚ್ಚುವಂತೆ ಮಡಚಿ ಹೊದ್ದರೆ ಅದೇ ಕೊಪ್ಪೆ; ಮಳೆಯಲ್ಲಿ ನಮ್ಮ ಕಡೆ ಕುರಿ ಕಾಯುವವರ ಕೊಡೆ. ಮಾವ ಅದನ್ನು ಗಡಿಯ ಬೆಟ್ಟಕ್ಕೂ ಒಯ್ದು, ಸರ್ಕಾರದ ಕೋಟಿನ ಮೇಲೆ ಹೊದ್ದಿದ್ದರು. ಹಿಮಕ್ಕೆ ಅವರು ಬರ್ಫು ಎನ್ನುತ್ತಿದ್ದರು.

"ಸಂಕ್ರಾಂತಿ ಟೈಮು. ಎದೆಮಟ ಬರ್ಫು. ಒದ್ದೆ ಕೊಪ್ಪೆ ಹೊರಗೆ ಕಳಚಿಟ್ಟು ಮಲಗಿದ್ದೆ. ಬೆಳಗ್ಗೆ ಎದ್ದು ನೋಡ್ತೀನಿ, ಸೆಟೆದು ತಾನೇ ನಿಂತೈತೆ ಕಣಪ್ಪ! ಪಹರೆಯೋನು ಯಾರೋ ಮನುಷ್ಯ ಅಂದ್ಕಂಡು ಬಂದೂಕ ಎತ್ತವ್ನೆ!"

ನಮ್ಮೂರ ಹೋಟೆಲಿನ ಬೆಂಚಿನವರು ಬಿದ್ದು ಬಿದ್ದು ನಗುತ್ತಿದ್ದರು. "ಏನ್ ಮಾವ, ನಿನ್ನ ಕೊಪ್ಪೆಗೂ ಪೆನ್ಷನ್ ಬರ್ತೈತಾ?"

"ಬಿಸಿಲಾಗೆ ಹುಟ್ಟಿದ ನಿಮಗೇನ್ ಗೊತ್ತೈತೆ, ಹೋಗ್ರಲೇ!"

ಸುಳ್ಳುಗಾರ ಅನ್ನಿಸಿಕೊಂಡದ್ದು ಮಾತ್ರ ಅವರೊಳಗೆ ಕೊರೆಯುತ್ತಲೇ ಇತ್ತು. ಹಾಸಿಗೆ ಹಿಡಿದಾಗ ಕೊಪ್ಪೆ ನನ್ನ ಕೈಗಿಟ್ಟರು. "ಒಂದ್ಸಲ ಅಲ್ಲಿಗೆ ಹೋಗಿ ನಿಲ್ಸಪ್ಪ. ಫೋಟೋ ಹೊಡ್ಕಂಡು ಬಂದು ಇವರ ಮುಖಕ್ಕೆ ಹಿಡಿ." ಆಮೇಲೆ ಹೆಚ್ಚು ದಿನ ಇರಲಿಲ್ಲ…

ಈ ಸಂಕ್ರಾಂತಿಗೆ ಹೋದೆ. ಅವರು ಹೇಳಿದ್ದ ಅದೇ ಬೆಟ್ಟ. ಎದೆಮಟ್ಟದ ಹಿಮವಿರಲಿ, ಪಾದ ಮುಚ್ಚುವಷ್ಟೂ ಇರಲಿಲ್ಲ. ನಮ್ಮೂರ ಪಕ್ಕದ ಐಮಂಗಲದ ಗುಡ್ಡವನ್ನೇ ಎತ್ತಿ ತಂದಿಟ್ಟಂತೆ ಬೋಳು ಬಂಡೆ, ಧೂಳು. ಆ ಧೂಳಿನಲ್ಲೂ ಹಿಮದ ಬೂಟು ಬಾಡಿಗೆಗೆ ಕೊಡುವ ಅಂಗಡಿಗಳು. "ಈ ಸಲ ಸೀಸನ್ ಸರಿಯಿಲ್ಲ ಸಾರ್" ಎಂದು ನಕ್ಕ ಪ್ರವಾಸದ ಏಜೆಂಟ್.

ಸೀಸನ್ನಂತೆ! ಮೈಯೆಲ್ಲ ಉರಿಯಿತು. ಅಲ್ಲಿನ ಚಹಾ ಅಂಗಡಿಯ ಹೆಂಗಸು, ತನ್ನ ಗಂಡನ ಅಪ್ಪನ ಕಾಲದಲ್ಲಿ ಸಲಿಕೆಯಿಂದ ಹಿಮ ಅಗೆದು ಅಂಗಡಿ ಬಾಗಿಲು ತೆಗೆಯಬೇಕಿತ್ತು ಎಂದಳು. ಈಗ ತಡವಾಗಿ ಬೀಳುತ್ತದೆ, ಬಿದ್ದದ್ದೂ ನಿಲ್ಲುವುದಿಲ್ಲ, ಬೇಸಿಗೆಗೆ ಮುಂಚೆಯೇ ಹೊಳೆ ಸೊರಗುತ್ತದೆ. ವರ್ಷಗಟ್ಟಲೆ ನಡೆಯುತ್ತಿರುವ ಹಿಮದ ಕಳ್ಳತನಕ್ಕೆ ಸೀಸನ್ ಅಂತ ಹೆಸರಿಟ್ಟು ನಗುತ್ತಾರಲ್ಲ! ಹೊಗೆ ಉಗುಳುವ ವಿಮಾನ ಹತ್ತಿ ಹೋಗಿ ಹಿಮವೆಲ್ಲಿ ಎಂದು ಕೇಳಿದವನು ನಾನೂ ಹೌದು. ಆ ಕಳ್ಳರ ಗುಂಪಿನಲ್ಲಿ ನಾನೂ ಇದ್ದೇನೆ ಎಂಬುದಕ್ಕೇ ಸಿಟ್ಟು ಇಮ್ಮಡಿಯಾಯಿತು.

ಆದರೂ ಕೊಪ್ಪೆಯನ್ನು ನಲ್ಲಿಯ ನೀರಿನಲ್ಲಿ ನೆನೆಸಿ ಬಂಡೆಗೆ ಒರಗಿಸಿಟ್ಟೆ. ಬೆಳಗ್ಗೆ ಹೋಗಿ ನೋಡಿದರೆ, ನೀರು ಹೆಪ್ಪುಗಟ್ಟುವಷ್ಟೂ ಚಳಿಯಾಗದೆ, ಕುಸಿದು, ನೀರು ಸೋರುತ್ತಾ ಬಿದ್ದಿತ್ತು.

ಹಿರಿಯೂರಿಗೆ ಬಂದಾಗ ಅದೇ ಬೆಂಚು ಕೇಳಿತು, "ಏನ್ರಿ, ನಿಂತ್ಕಂತಾ?"

"ಬರ್ಫೇ ಇರಲಿಲ್ಲ ಕಣ್ರಿ."

"ನೋಡ್ರಲೇ! ಮಾವ ಎಂಥಾ ರೈಲು ಬಿಟ್ಟಿದ್ದ!"

ಮಾವನ ಮಾತಿಗೆ ಇದ್ದ ಒಂದೇ ಸಾಕ್ಷಿ ಕರಗಿಹೋಗಿದೆ ಎಂದು ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ಕೊಪ್ಪೆ ಈಗ ನಮ್ಮ ಮಾಳಿಗೆಯ ತಂತಿಯ ಮೇಲಿದೆ. ಬಿಸಿಲಿಗೆ ಆ ವಾಸನೆ ಕೆಳಗಿನವರೆಗೂ ಬರುತ್ತದೆ…

ಬಸ್ಸು ಉರುಳಲಿಲ್ಲ. ಉಸಿರು ಕಟ್ಟಲಿಲ್ಲ. ಸೊಂಟ ನೆಟ್ಟಗಿದೆ. ಕೊಪ್ಪೆ ನಿಲ್ಲಲಿಲ್ಲ, ಅಷ್ಟೇ.