ನೆನೆಸಿ ಹಾಕಿಕೊಂಡ ಪಚ್ಚೆ

2019ರಲ್ಲಿ ನಾನು ದೆಹಲಿಯ ಒಂದು ರತ್ನ ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ಪರೀಕ್ಷಕನಾಗಿದ್ದೆ. ಕಿದ್ವಾಯಿ ನಗರದ ಕ್ವಾರ್ಟರ್ಸಿನಿಂದ ಎಂಟಕ್ಕೆ ಹೊರಟು, ಒಂಬತ್ತಕ್ಕೆ ಲೆನ್ಸ್ ಒರೆಸಿ, ಒಂಬತ್ತೂಕಾಲಿಗೆ ಮೊದಲ ಕಲ್ಲು ಕೈಗೆತ್ತಿಕೊಳ್ಳುವುದು ನನ್ನ ಕ್ರಮ. ಪ್ರತಿ ಕಲ್ಲಿಗೂ ಹನ್ನೆರಡು ಪ್ರಶ್ನೆಗಳ ನಮೂನೆಯೊಂದನ್ನು ಮಾಡಿಕೊಂಡಿದ್ದೆ. ಸಹೋದ್ಯೋಗಿಗಳು ಅದನ್ನು ‘ಕಲ್ಲಿನ ಜಾತಕ’ ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ ಸೊಸೆ ಬಂದರು. ಅತ್ತೆ ಶಾರದಕ್ಕ ಕುಂದಾಪುರದ ಕಡೆಯವರು. ಗ್ರೇಟರ್ ನೋಯ್ಡಾದಲ್ಲಿ ಅವರದೊಂದು ಇಡ್ಲಿ ದೋಸೆ ಹೋಟೆಲು. ಸೊಸೆ ನಿಖಿತಾ ಲೋಧಿ ಕಾಲೋನಿಯಲ್ಲಿ ಬೆಳೆದ ಕನ್ನಡದ ಹುಡುಗಿ. ಮದುವೆಯಾಗಿ ಎರಡು ತಿಂಗಳಾಗಿತ್ತು. ಶಾರದಕ್ಕ ಮೇಜಿನ ಮೇಲೆ ಇಟ್ಟ ಉಂಗುರದಲ್ಲಿದ್ದದ್ದು ನೀರಿನಂತೆ ಬಣ್ಣವಿಲ್ಲದ ಬಿಳಿ ಕಲ್ಲು.

“ಇದು ಪಚ್ಚೆ, ಸಾರ್,” ಎಂದರು.

ನಾನು ಕನ್ನಡಕ ಸರಿಪಡಿಸಿಕೊಂಡೆ.

“ಮೊನ್ನೆವರೆಗೆ ಪಚ್ಚೆ! ನಮ್ಮ ಅತ್ತೆಯ ಅಮ್ಮನದ್ದು. ಇವಳ ಕೈಗೆ ಕೊಟ್ಟೆ, ಮರುದಿನ ಬಿಳಿ. ನಾನು ಇವಳನ್ನು ಒಂದು ಮಾತು ಅಂದಿಲ್ಲ ಮಾರಾಯ್ರೆ. ಆದರೆ ನನ್ನ ನಾದಿನಿಯರ ಬಾಯಿ ಉಂಟಲ್ಲ, ಕಲ್ಲು ಬದಲಾಯಿಸಿದಳು ಅಂತ ಊರೆಲ್ಲ ಫೋನು.”

“ನಾನು ಏನೂ ಮಾಡಿಲ್ಲ ಅಂಕಲ್, ಸಚ್ಚಿ,” ಎಂದಳು ನಿಖಿತಾ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. “ಅತ್ತೆ ಹೇಳಿದ್ದನ್ನೇ ಮಾಡಿದೆ.”

ನಾನು ಉಪಕರಣಗಳತ್ತ ತಿರುಗಿದೆ. ಮೊದಲು ಸೂಕ್ಷ್ಮದರ್ಶಕ. ಕಲ್ಲನ್ನು ಹಿಡಿದಿದ್ದ ಚಿನ್ನದ ಅಂಚಿನಲ್ಲಿ ಉಳಿಯ ಗೀರಿರಲಿಲ್ಲ. ಸಂದಿನಲ್ಲಿ ದಶಕಗಳ ಮಸಿ ಕದಲದೆ ಕೂತಿತ್ತು. ಇತ್ತೀಚೆಗೆ ಕಲ್ಲು ತೆಗೆದಿದ್ದರೆ ಹೀಗಿರಲು ಸಾಧ್ಯವಿಲ್ಲ. ಆಮೇಲೆ ರಿಫ್ರಾಕ್ಟೋಮೀಟರ್, ಅಂದರೆ ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆಂದು ಅಳೆಯುವ ಯಂತ್ರ. ಎರಡು ಅಂಕಿ ಬಂದವು: 1.577 ಮತ್ತು 1.583. ಗಾಜಾಗಿದ್ದರೆ ಒಂದೇ ಅಂಕಿ. ಸ್ಫಟಿಕವಾಗಿದ್ದರೆ ಎರಡೂ ಇದಕ್ಕಿಂತ ಕಡಿಮೆ. ವಜ್ರವಾಗಿದ್ದರೆ ಈ ಯಂತ್ರದ ಅಳತೆಗೇ ಸಿಗುತ್ತಿರಲಿಲ್ಲ. ಇದು ಬೆರಿಲ್ ಎಂಬ ಖನಿಜ. ಬಣ್ಣವಿಲ್ಲದ ಬೆರಿಲ್‌ಗೆ ಗೋಶನೈಟ್ ಎಂದು ಹೆಸರು. ಆ ಹೆಸರು ಅಮೆರಿಕದ ಗೋಶನ್ ಎಂಬ ಊರಿನಿಂದ ಬಂದದ್ದು.

ಕಲ್ಲು ಯಾವುದೆಂದು ತಿಳಿಯಿತು. ಅದು ಹಸಿರಾಗಿ ಇದ್ದದ್ದು ಹೇಗೆಂದು ತಿಳಿಯಲಿಲ್ಲ. ನಾನು ‘ಜಾತಕ’ ತೆರೆದು ಕೂತೆ. ಏಳನೆಯ ಪ್ರಶ್ನೆ: ಕೊನೆಯ ಬಾರಿ ತೊಳೆದದ್ದು ಯಾವಾಗ, ಯಾವುದರಲ್ಲಿ?

“ತೊಳೆದಿಲ್ಲ,” ಎಂದರು ಶಾರದಕ್ಕ. “ಆ ಉಂಗುರಕ್ಕೆ ನೀರು ಮುಟ್ಟಿಸಬಾರದು ಅಂತ ಅಜ್ಜಿಯದ್ದೇ ಕಟ್ಟಪ್ಪಣೆ. ಸ್ನಾನಕ್ಕೂ ತೆಗೆದಿಡುತ್ತಿದ್ದರು.”

“ತೊಳೆದಿಲ್ಲ,” ಎಂದಳು ನಿಖಿತಾ. “ನೆನೆಸಿದೆ ಅಷ್ಟೇ.”

“ಎಂತ?”

“ನೀವೇ ಹೇಳಿದ್ರಲ್ಲ ಅತ್ತೆ, ‘ಇದು ಅಜ್ಜಿದು, ನೆನೆಸಿ ಹಾಕ್ಕೋ’ ಅಂತ! ಉದ್ದಿನ ಬೇಳೆ ಎಷ್ಟು ಹೊತ್ತು ನೆನೆಸ್ತೀವೋ ಅಷ್ಟೇ ಹೊತ್ತು ಬಿಸಿನೀರಲ್ಲಿ ಇಟ್ಟಿದ್ದೆ. ಪೂರಾ ಛೇ ಘಂಟೆ, ಆರು ಗಂಟೆ. ನೀರು ಸ್ವಲ್ಪ ಹಸಿರಾಯ್ತು, ಕೊಳೆ ಹೋಯ್ತು ಅಂದ್ಕೊಂಡೆ.”

ಶಾರದಕ್ಕ ಕುರ್ಚಿಯಿಂದ ಎದ್ದೇ ಬಿಟ್ಟರು. “ಅಜ್ಜಿಯನ್ನು ನೆನೆಸಿಕೊಂಡು ಹಾಕ್ಕೋ ಅಂದದ್ದು ನಾನು! ನೀನು ಉಂಗುರವನ್ನು ಬೇಳೆಯ ಹಾಗೆ…” ಮುಂದಿನ ಮಾತು ನಗುವಿನಲ್ಲಿ ಮುಳುಗಿತು. ನಿಖಿತಾ ಮೊದಲು ಪೆಚ್ಚಾದಳು, ಆಮೇಲೆ ಅತ್ತೆಗಿಂತ ಜೋರಾಗಿ ನಕ್ಕಳು. ಹುಟ್ಟಿದಾಗಿನಿಂದ ಅವಳಿಗೆ ಗೊತ್ತಿದ್ದ ‘ನೆನೆಸು’ ಒಂದೇ, ಅಡುಗೆಮನೆಯಲ್ಲಿ ಕೇಳಿದ್ದು.

ಇಬ್ಬರ ಸಹಿ ಪಡೆದು, ಅವರ ಎದುರಿಗೇ ಚಿನ್ನದ ಅಂಚನ್ನು ಬಿಡಿಸಿದೆ. ಕಲ್ಲಿನ ಕೆಳಗೆ ಕಾಗದಕ್ಕಿಂತ ತೆಳುವಾದ ಬೆಳ್ಳಿಯ ರೇಕು, ಅದರ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು. ಉಳಿದ ಬಣ್ಣವನ್ನು ಸಂದಿನಿಂದ ಒಳಹೊಕ್ಕ ಬಿಸಿನೀರು ಕರಗಿಸಿತ್ತು. ಹಿಂದಿನವರು ಬಿಳಿ ಬೆರಿಲ್‌ನ ಹಿಂದೆ ಬಣ್ಣದ ರೇಕು ಇಟ್ಟು ಪಚ್ಚೆ ಮಾಡುತ್ತಿದ್ದರು, ಬರೀ ಬೆಳ್ಳಿ ಇಟ್ಟು ವಜ್ರ ಮಾಡುತ್ತಿದ್ದರು. ಯುರೋಪಿನಲ್ಲಿ ಬೆರಿಲ್ ಉಜ್ಜಿ ಓದುವ ಮಸೂರವನ್ನೂ ಮಾಡಿದ್ದುಂಟು. ಜರ್ಮನರು ಕನ್ನಡಕವನ್ನು ಕರೆಯುವ ಹೆಸರು ಬೆರಿಲ್‌ನಿಂದಲೇ ಬಂದದ್ದು.

“ಹಾಗಾದರೆ ಅಜ್ಜಿಯ ಪಚ್ಚೆ ಸುಳ್ಳಾ?” ಶಾರದಕ್ಕನ ದನಿ ಇಳಿದಿತ್ತು.

“ಹಸಿರು ಸುಳ್ಳು, ಕಲ್ಲು ಸುಳ್ಳಲ್ಲ. ಪಚ್ಚೆಯೂ ಬೆರಿಲ್ಲೇ. ಅದರಲ್ಲಿ ಒಂದು ಚಿಟಿಕೆ ಕ್ರೋಮಿಯಂ ಸೇರಿರುತ್ತದೆ, ಇದರಲ್ಲಿ ಸೇರಿಲ್ಲ. ಇದು ಪಚ್ಚೆಯ ಒಡಹುಟ್ಟು.”

“ಅಜ್ಜಿಗೆ ಗೊತ್ತಿತ್ತು ಸಾರ್,” ಎಂದರು ಅವರು. “ಅದಕ್ಕೇ ನೀರು ಮುಟ್ಟಿಸಲಿಲ್ಲ. ಭಾರೀ ಚಾಲಾಕಿ, ಪಾಕಡಾ ಮುದುಕಿ!”

ವರದಿಯಲ್ಲಿ ‘ವರ್ಣರಹಿತ ಬೆರಿಲ್, ಗೋಶನೈಟ್, ಕಲ್ಲು ಬದಲಾದ ಕುರುಹು ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಶಾರದಕ್ಕ ಅದರ ಫೋಟೋ ತೆಗೆದು ಅಲ್ಲಿಂದಲೇ ನಾದಿನಿಯರ ವಾಟ್ಸಾಪ್ ಗುಂಪಿಗೆ ಹಾಕಿದರು. ಹೊಸ ರೇಕು ಇಡಿಸುವುದೇ ಎಂದು ಕೇಳಿದೆ.

“ಬೇಡ ಅಂಕಲ್,” ಎಂದಳು ನಿಖಿತಾ. “ಹೀಗೇ ಚೆನ್ನಾಗಿದೆ. ನೀರಿಗೂ ಹೆದರಬೇಕಿಲ್ಲ.”

ಬಾಗಿಲಲ್ಲಿ ಶಾರದಕ್ಕ ಸೊಸೆಯ ಕಡೆ ತಿರುಗಿದರು. “ಇದನ್ನು ಕಟ್ಟಿಸಿದ ಮೇಲೆ, ಅಜ್ಜಿಯನ್ನು ನೆನೆ…” ಎಂದವರು ತಟ್ಟನೆ ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: “ಜ್ಞಾ-ಪಿ-ಸಿ-ಕೊಂ-ಡು ಹಾಕ್ಕೋ.”

ಯಂತ್ರ ಕಲ್ಲಿನ ವಿಷಯ ಹೇಳುತ್ತದೆ. ಮನೆಯ ವಿಷಯಕ್ಕೆ ಬಾಯಿಬಿಟ್ಟು ಕೇಳಲೇಬೇಕು. ಅಂದು ಸಂಜೆ ಮನೆಗೆ ಹೊರಡುವ ಮೊದಲು ನಮೂನೆಗೆ ಹದಿಮೂರನೆಯ ಪ್ರಶ್ನೆ ಸೇರಿಸಿದೆ: ನಿಮಗೆ ಹೇಳಿದ್ದೇನು, ನೀವು ಮಾಡಿದ್ದೇನು?