ತಿಪ್ಪಣ್ಣನ ತೂತು ಪಂಚೆ

ಬ್ಯಾಟರಿ ತಿಪ್ಪಣ್ಣನವರ ಪಂಚೆಯಲ್ಲಿ ತೂತಿಲ್ಲದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಒಂದು ಹನಿ ಆಸಿಡ್ ಬಿದ್ದರೆ ಸಾಕು, ಮುಂದಿನ ಒಗೆತಕ್ಕೆ ಅಲ್ಲೊಂದು ಕಿಂಡಿ. ಹಬ್ಬಕ್ಕೆ ಉಟ್ಟ ಹೊಸ ಪಂಚೆಯಲ್ಲೇ ಅಂಗಡಿಗೆ ಬಂದುಬಿಡುವ ಮನುಷ್ಯ. “ಏನ್ರೀ ಇದು, ಜರಡಿ ಉಟ್ಕೊಂಡು ಬಂದಿದ್ದೀರಾ?” ಎಂದು ರೇಗಿಸಿದರೆ, “ಗಾಳಿ ಚೆನ್ನಾಗ್ ಆಡ್ತೈತೆ ಟೀಚರಮ್ಮ” ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನ ಶಾಲೆಯೊಂದರಲ್ಲಿ ಟೀಚರ್. ಹೆದ್ದಾರಿ ಬದಿಯ ನನ್ನ ಬಾಡಿಗೆ ಕೋಣೆಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ. ಲಾರಿಯವರು ರಿಪೇರಿಗೆ ಇಳಿಸಿಹೋದ ಕಪ್ಪು ಬ್ಯಾಟರಿ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಚ್ಚಳ ಬಿಚ್ಚಿ, ಒಳಗೆ ಇಣುಕಿ ಮಾತಾಡಿಸುವರು: “ಯಾಕಪ್ಪ, ಬಿಳಚ್ಕಂಡಿದೀಯ? ನಿಮ್ ಓನರ್ರು ಗಾಡೀನೇ ತೆಗ್ದಿಲ್ವಾ?” ಬಳಸದೆ ಬಿಟ್ಟ ಬ್ಯಾಟರಿಯಲ್ಲಿ ಆಸಿಡ್ಡೂ ಸೀಸದ ಪ್ಲೇಟೂ ಸುಮ್ಮನೆ ಕೂರುವುದಿಲ್ಲ, ಪ್ಲೇಟಿನ ಮೇಲೆ ಬಿಳಿ ಪೊರೆ ಕಟ್ಟುತ್ತ ಹೋಗುತ್ತದೆ. ಕರೆಂಟು ಕೊಟ್ಟರೆ ಪೊರೆ ಕರಗುತ್ತದೆ. ಅತಿಯಾಗಿ ಕೊಟ್ಟರೋ, ಒಳಗಿನ ನೀರೇ ಒಡೆದು ಗುಳ್ಳೆಗಳಾಗಿ ಹಾರಿಹೋಗುತ್ತದೆ, ಪ್ಲೇಟು ಉದುರುತ್ತದೆ. “ಗುಳ್ಳೆ ಜೋರಾದ್ರೆ ಕೈ ತೆಗೀಬೇಕು. ಅಷ್ಟೇ ನೋಡ್ರಿ ಈ ಕೆಲ್ಸ” ಎಂದು ಕೇಳದಿದ್ದರೂ ಪಾಠ ಮಾಡುತ್ತಿದ್ದರು.

ಮೂಲೆಯ ಹಲಗೆಯ ಮೇಲೆ ಒಂದು ಬ್ಯಾಟರಿ ಬೇರೆಯಾಗಿ ಇರುತ್ತಿತ್ತು. ಅದು ಅವರ ತಮ್ಮ ನಾಗರಾಜನ ಲಾರಿಯದು. ಹೆಡ್‌ಲೈಟ್ ಆರಿಸದೆ ನಿದ್ದೆ ಹೋಗಿ ಬ್ಯಾಟರಿ ಕೆಡಿಸಿಕೊಂಡು ಬಂದವನನ್ನು ಇವರು ಡ್ರೈವರುಗಳೆಲ್ಲರ ಎದುರು ಬೈದಿದ್ದರು: “ಲೇ, ನಿನ್ ಕೈಗೆ ಕೊಟ್ಟಿದ್ದು ಒಂದೂ ಉಳಿಯಲ್ಲ.” ನಾಗರಾಜ ಅದನ್ನು ಅಲ್ಲೇ ಇಳಿಸಿ, ಬೇರೆಯವರಿಂದ ಒಂದು ಹಾಕಿಸಿಕೊಂಡು, ಬೊಂಬಾಯಿ ಕಡೆ ಹೋದವನು ತಿರುಗಿ ಬರಲಿಲ್ಲ. ತಿಪ್ಪಣ್ಣ ಅದಕ್ಕೆ ಮತ್ತೆ ಜೀವ ಬರಿಸಿ, ತಿಂಗಳು ತಿಂಗಳೂ ಚಾರ್ಜಿಗೆ ಹಾಕುತ್ತಿದ್ದರು. ಎಷ್ಟೋ ಜನ ಕೇಳಿದರೂ ಮಾರಲಿಲ್ಲ. “ಅವ್ನು ಬಂದಾಗ ಅದು ಸತ್ತಿರಬಾರ್ದಲ್ವಾ?”

ಒಂದು ಯುಗಾದಿಯ ಹಿಂದಿನ ದಿನ ಹೊಸದುರ್ಗದ ಡ್ರೈವರೊಬ್ಬ, ನಾಗರಾಜ ಇವತ್ತು ಬರುತ್ತಾನಂತೆ ಎಂದು ಸುದ್ದಿ ತಂದ. ತಿಪ್ಪಣ್ಣನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊನ್ನೆಯಷ್ಟೇ ಚಾರ್ಜು ತುಂಬಿದ್ದ ತಮ್ಮನ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಿ ಬಸ್ ಸ್ಟ್ಯಾಂಡಿಗೆ ಓಡಿದರು. ಶಾಲೆ ಮುಗಿಸಿ ಬಂದಾಗ ಹುಳಿ ಹೊಗೆಗೆ ನನಗೆ ಕೆಮ್ಮು ಹತ್ತಿತು. ಅಂಗಡಿಗೆ ನುಗ್ಗಿ ನೋಡಿದರೆ ಬ್ಯಾಟರಿ ಅನ್ನದ ಎಸರಿನ ಹಾಗೆ ಕೊತಕೊತ ಕುದಿಯುತ್ತಿತ್ತು. ಸ್ವಿಚ್ ಆರಿಸುವಷ್ಟರಲ್ಲಿ ನನ್ನ ಸೀರೆ ಅಂಚಿಗೂ ಆಸಿಡ್ ಸಿಡಿಯಿತು.

ಸಂಜೆ ಅವರೊಬ್ಬರೇ ಬಂದರು. ಮುಚ್ಚಳ ಬಿಚ್ಚಿ, ಕೆಸರಾಗಿದ್ದ ನೀರನ್ನು ನೋಡಿದರು.

“ಕೈ ತೆಗೀಬೇಕಾಗಿತ್ತು ಟೀಚರಮ್ಮ. ಅವತ್ತು ಅವ್ನ ಮುಖ ಕೆಂಪಾದಾಗ್ಲೂ ನಂಗೆ ಗೊತ್ತಾಗಿತ್ತು, ಬೈಯೋದು ನಿಲ್ಲಿಸ್ಲಿಲ್ಲ.”

ಹಬ್ಬದ ದಿನ ಅವರು ಊಟಕ್ಕೂ ಮನೆಗೆ ಹೋಗಲಿಲ್ಲ. ಉದುರಿದ ಪ್ಲೇಟುಗಳನ್ನು ತೆಗೆದು, ಅದೇ ಪೆಟ್ಟಿಗೆಗೆ ಹೊಸವನ್ನು ಕೂರಿಸುತ್ತಿದ್ದರು. ಒಬ್ಬಟ್ಟು ಕೊಡಲು ಹೋದ ನಾನು ಅದನ್ನು ಅವರ ಪಕ್ಕದಲ್ಲಿಟ್ಟು ಬಂದೆ.

ಆಮೇಲೆ ನನಗೆ ಹೊಳಲ್ಕೆರೆಗೆ ವರ್ಗವಾಯಿತು. ಟ್ರಂಕನ್ನು ಬಸ್ಸಿಗೆ ಏರಿಸಿಕೊಟ್ಟು, “ಈ ಕಡೆ ಬಂದ್ರೆ ಬರ್ರಿ” ಎಂದರು. ಅದೇ ಕೊನೆ. ಹೋಗಬೇಕು ಹೋಗಬೇಕು ಎನ್ನುತ್ತಲೇ ವರ್ಷಗಳು ಉರುಳಿದವು.

ಕಡೆಗೂ ಹೋದಾಗ ಅಂಗಡಿ ತೆರೆದಿತ್ತು. ಕುಕ್ಕರುಗಾಲಲ್ಲಿ ಕೂತಿದ್ದ ಬೆನ್ನು ಕಂಡು “ತಿಪ್ಪಣ್ಣಾ” ಎಂದೆ. ತಿರುಗಿದವನು ಬೇರೆ.

“ಅಣ್ಣ ಹೋಗ್ಬಿಟ್ಟ ಅಮ್ಮ. ಬರ್ರಿ, ಕುಂತ್ಕಳ್ರಿ. ನಾನು ನಾಗರಾಜ.”

ಸುದ್ದಿ ತಿಳಿದು ಅವನು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತಂತೆ. ಮೂಲೆಯ ಹಲಗೆ ಖಾಲಿ ಇತ್ತು. ನನ್ನ ಕಣ್ಣು ಅಲ್ಲೇ ನಿಂತದ್ದನ್ನು ಅವನು ಗಮನಿಸಿದ.

“ಗಾಡಿಗೆ ಹಾಕ್ದೆ. ಒಂದೇ ಸಲಕ್ಕೆ ಸ್ಟಾರ್ಟ್ ಆತು” ಎಂದ. ಇಂಜಿನ್ ಆರಿಸಲು ಮನಸ್ಸು ಬಾರದೆ ಸ್ಟೇರಿಂಗ್ ಹಿಡಿದು ಅತ್ತನಂತೆ.

ನನಗೆ ತಿಪ್ಪಣ್ಣನವರನ್ನು ಒಂದು ಸಲ ರೇಗಿಸಬೇಕು ಎನ್ನಿಸಿತು. ತಡೆಯಲಾಗದಷ್ಟು ಎನ್ನಿಸಿತು. ಕಾಫಿ ಹೇಳಿ ಬರಲು ನಾಗರಾಜ ಎದ್ದು ಬಿಸಿಲಿಗೆ ಇಳಿದ. ಅವನ ಪಂಚೆಯ ತುಂಬ ತೂತು.