ಉಲ್ಬೊಸಿನ್ ಕಟ್ಟಿದ ಕಮಾನು

ನಾಲ್ಕನೆಯದೂ ಹೆಣ್ಣೇ ಆದಾಗ ಬಾಲ್ಖಾಶ್ ಸರೋವರದ ಮೀನುಗಾರನೊಬ್ಬ ಮಗುವಿಗೆ ಉಲ್ಬೊಸಿನ್ ಎಂದು ಹೆಸರಿಟ್ಟ. 'ಇನ್ನಾದರೂ ಗಂಡಾಗಲಿ' ಎಂಬ ಅರ್ಥದ ಹೆಸರು. ಗಂಡು ಆಗಲಿಲ್ಲ. ದೋಣಿ ನೂಕುವುದೂ ಬಲೆ ಎಳೆಯುವುದೂ ಅವಳ ಪಾಲಿಗೇ ಬಂತು. ಆ ತೋಳುಗಳನ್ನು ನೋಡಿಯೇ ದಂಡೆಯ ತಾಮ್ರದ ಕಾರ್ಖಾನೆಯಲ್ಲಿ ಕುಲುಮೆ ಕಟ್ಟುವವರ ಮೇಸ್ತ್ರಿ ಸನ್ಸಿಜ್‌ಬಾಯ್ ಅವಳನ್ನು ಕೆಲಸಕ್ಕೆ ಸೇರಿಸಿಕೊಂಡ.

"ಹೆಸರಲ್ಲಿ ಗಂಡಿದಾನೆ, ತೋಳಲ್ಲೂ ಇದಾನೆ. ಬಾಯಲ್ಲಿ ಇಲ್ದಿದ್ರೆ ಸಾಕು," ಎಂದ.

"ಬಾಯಿ ನಮ್ಮಮ್ಮಂದು ಅಣ್ಣಾ. ನಿಮಗೇ ಕಷ್ಟ!" ಎಂದಳು ಉಲ್ಬೊಸಿನ್.

ಆರಿಸಿದ ಕುಲುಮೆಗಳಿಗೆ ಇಟ್ಟಿಗೆ ಕಟ್ಟುತ್ತ ಅವುಗಳನ್ನು ಅವಳು ಒಳಗಿನಿಂದ ಅರಿತಳು. ಅದಿರು ಕರಗಿಸುವ ಉದ್ದ ಕುಲುಮೆಯೊಳಗೆ ಒಂದಿಡೀ ಮದುವೆಯ ದಿಬ್ಬಣವನ್ನು ಊಟಕ್ಕೆ ಕೂರಿಸಬಹುದಿತ್ತು. ಒಂದು ತುದಿಯಲ್ಲಿ ಹೊತ್ತಿಸಿದ ಜ್ವಾಲೆ ಛಾವಣಿಯ ಕಮಾನನ್ನು ಕಾಯಿಸಬೇಕು, ಕಮಾನಿನ ಕಾವು ಕೆಳಗಿನ ಅದಿರಿನ ಮೇಲೆ ಸುರಿಯಬೇಕು. ಛಾವಣಿಯೇ ಅದರ ಜೀವ. ಅಲ್ಲಿ ಕರಗಿದ್ದು ಉರುಳುವ ಪೀಪಾಯಿಯಂಥ ಇನ್ನೊಂದು ಕುಲುಮೆಗೆ ಹೋಗುತ್ತಿತ್ತು. ಅದರ ಹೊಟ್ಟೆಗೆ ಗಾಳಿ ಊದಿ ಗಂಧಕವನ್ನು ಸುಟ್ಟುಹಾಕುತ್ತಿದ್ದರು. ಉದ್ದ ಕುಲುಮೆಯ ಛಾವಣಿ ಕಟ್ಟಿ ಅವಳ ಕತ್ತು ಹಿಡಿದುಕೊಂಡಿತು, ಪೀಪಾಯಿ ಮಂಡಿಗಳನ್ನು ತಿಂದಿತು. ಆರಿದ ಕುಲುಮೆಯ ಇಟ್ಟಿಗೆ ಸಂದುಗಳಲ್ಲಿ ನವಿಲುಗರಿಯ ಬಣ್ಣದ ಲೋಹ ಹೆಪ್ಪುಗಟ್ಟಿರುತ್ತಿತ್ತು. ಅದನ್ನು ಉಳಿಯಿಂದ ಎಬ್ಬಿಸುತ್ತ, ಇದು ಹರಿಯುವಾಗ ಹೇಗಿದ್ದೀತು ಎಂದು ಯೋಚಿಸುತ್ತಿದ್ದಳು. ಆದರೆ ಉರಿ ಹೊತ್ತಿಸುವ ಹೊತ್ತಿಗೆ ಅವಳ ತಂಡ ಇನ್ಯಾವುದೋ ಆರಿದ ಕುಲುಮೆಯೊಳಗೆ ತೆವಳುತ್ತಿರುತ್ತಿತ್ತು.

ಅವಳ ಗಂಡ ಮರ್ದನ್ ಉದ್ದ ಕುಲುಮೆಯ ಉರಿ ನೋಡಿಕೊಳ್ಳುವವ. "ಡೇರೆ ಹೂಡ್ತೀಯ, ನೆಂಟ್ರು ಬರೋ ಹೊತ್ತಿಗೆ ಮಾಯ ಆಗ್ತೀಯ," ಎಂದು ಕೆಣಕುತ್ತಿದ್ದ.

"ನೆಂಟ್ರನ್ನ ನೀನು ನೋಡ್ಕೋ. ನನ್ನ ಛಾವಣಿ ನಿನ್ನ ತಲೆ ಮೇಲೆ ಬೀಳದಿದ್ರೆ ಆಯ್ತಲ್ಲ?"

ಒಂದು ಚಳಿಗಾಲ, ಸರೋವರ ಕಲ್ಲಿನಂತೆ ಹೆಪ್ಪುಗಟ್ಟಿದ್ದಾಗ, ಆ ಛಾವಣಿ ಬಿತ್ತು. ಯಾರ ತಲೆಯ ಮೇಲೂ ಅಲ್ಲ, ನಡುವೆ ಒಂದು ಬಾಗಿಲಗಲದ ತೂತು. ಕುಲುಮೆ ಆರಿಸುವಂತಿರಲಿಲ್ಲ. ಆರಿಸಿದರೆ ಒಳಗೆ ಕರಗಿದ್ದೆಲ್ಲ ಗಟ್ಟಿಯಾಗುತ್ತದೆ, ಉಳಿದ ಕಮಾನೂ ಬಿರಿಯುತ್ತದೆ. ಉರಿ ತಗ್ಗಿಸಿ, ಮೇಲಿನಿಂದಲೇ ಮುಚ್ಚಬೇಕು. ಸನ್ಸಿಜ್‌ಬಾಯ್‌ಗೆ ಏಣಿ ಹತ್ತುವ ಕಾಲು ಉಳಿದಿರಲಿಲ್ಲ.

"ನೀನು ಹತ್ತು ಮಗಳೇ," ಎಂದ. "ಇಟ್ಟಿಗೆ ಮೇಲೆ ಕಣ್ಣಿಡು. ಒಳಗೆ ನೋಡ್ಬೇಡ."

ಒದ್ದೆ ಮಾಡಿದ ಉಣ್ಣೆಗಂಬಳಿಯ ಕೋಟು ತೊಟ್ಟು, ಕಾಲಿಗೆ ಮರದ ಅಟ್ಟೆ ಕಟ್ಟಿಕೊಂಡು ಅವಳು ಕಮಾನಿನ ಮೇಲೆ ಹಾಸಿದ ಹಲಗೆಯ ಮೇಲೆ ನಡೆದಳು. ಮೇಲಿನ ತೊಲೆಗೆ ಕೊಕ್ಕೆಯಿಂದ ಮೊದಲ ಇಟ್ಟಿಗೆ ತೂಗುಹಾಕಲು ಬಗ್ಗಿದಾಗ, ನೋಡಿಯೇಬಿಟ್ಟಳು.

ಕೆಳಗೆ ಕುದಿಯುವ ಅಬ್ಬರವಿದ್ದೀತು ಅಂದುಕೊಂಡಿದ್ದಳು. ಅಲ್ಲಿದ್ದದ್ದು ಸದ್ದಿಲ್ಲದ ಕೆರೆ. ಅಂಚಿರಲಿಲ್ಲ, ನೆರಳಿರಲಿಲ್ಲ. ಬೆಳಕೇ ದ್ರವವಾಗಿ ಮಲಗಿತ್ತು. ಅದರ ಮೇಲೆ ಅವಳೇ ಕಟ್ಟಿದ ಕಮಾನಿನ ಒಂದೊಂದು ಇಟ್ಟಿಗೆಯೂ ತಲೆಕೆಳಗಾಗಿ ಕಾಣುತ್ತಿತ್ತು. ಇಂಥದ್ದನ್ನು ನನ್ನ ಕೈಗಳು ಮುಚ್ಚಿಟ್ಟಿವೆಯೇ ಎಂದುಕೊಳ್ಳುತ್ತ ಬಗ್ಗಿದಲ್ಲೇ ಉಳಿದಳು.

"ಸತ್ತೆಯಾ? ಇದೀಯಾ?" ಮರ್ದನ್ ಕೆಳಗಿನಿಂದ ಕಿರುಚಿದ.

"ಇದೀನಿ ಕಣೋ! ಇಟ್ಟಿಗೆ ಕಳ್ಸು!"

ಸರದಿಯ ಮೇಲೆ ಹತ್ತಿ ಇಳಿದು, ಸಂಜೆಯೊಳಗೆ ತಂಡ ತೂತು ಮುಚ್ಚಿತು. ಮನೆಯಲ್ಲಿ ಅತ್ತೆ ಹಾಲು ಬೆರೆಸಿದ ಚಹಾ ಮುಂದಿಟ್ಟಳು. ಸೊಸೆಯ ಹುಬ್ಬಿನ ಕೂದಲು ಸುಟ್ಟುಹೋಗಿದ್ದನ್ನು ಬೆರಳಿಂದ ಸವರಿದಳು.

"ಏನು ಕಂಡೆ ಅಲ್ಲಿ?"

"ಹೇಳಕ್ಕೆ ಬರ್ತಿಲ್ಲ ಅತ್ತೆ."

"ನಿನಗೇ? ಹಾಗಾದ್ರೆ ದೊಡ್ಡದೇ ಇರ್ಬೇಕು," ಎಂದು ಅತ್ತೆ ಇನ್ನೊಂದು ಬಟ್ಟಲು ಚಹಾ ಬಗ್ಗಿಸಿದಳು.

ಉಲ್ಬೊಸಿನ್‌ಗೆ ತಲೆ ನರೆಯುವ ಹೊತ್ತಿಗೆ ಉದ್ದ ಕುಲುಮೆಯನ್ನು ಒಡೆದರು. ಅದರ ಜಾಗದಲ್ಲಿ ನೆಟ್ಟಗೆ ನಿಂತ ಹೊಸ ಕುಲುಮೆ ಬಂತು. ಕರಗಿದ್ದರೊಳಕ್ಕೇ ಆಮ್ಲಜನಕ ಊದಿದರೆ ಅದಿರಿನ ಗಂಧಕವೇ ಸೌದೆಯಂತೆ ಉರಿಯುತ್ತದಂತೆ. ಗೋಡೆಗೆ ಇಟ್ಟಿಗೆಯೇ ಇಲ್ಲ, ತಾಮ್ರದ ಹಲಗೆಗಳು, ಅವುಗಳೊಳಗೆ ಹರಿಯುವ ನೀರು.

"ತಾಮ್ರ ಕರಗ್ಸೋ ಒಲೆಗೆ ತಾಮ್ರದ ಗೋಡೆನಾ? ಬೆಣ್ಣೆ ಕಾಯ್ಸಕ್ಕೆ ಬೆಣ್ಣೆ ಪಾತ್ರೆನಾ?" ಎಂದು ಅವಳು ನಕ್ಕಳು. ತಳಕ್ಕೆ ಮಾತ್ರ ಇಟ್ಟಿಗೆ ಬೇಕಿತ್ತು. ಅದನ್ನು ಅವಳೇ ಹಾಸಿದಳು.

ಹೊತ್ತಿಸಿದ ದಿನ ಈ ಬಾರಿ ಅವಳು ಅಲ್ಲೇ ನಿಂತಿದ್ದಳು. ಒಳಗಿನ ಮೊರೆತಕ್ಕೆ ನೆಲ ಅದುರುತ್ತಿತ್ತು. ಮರ್ದನ್ ಮುಟ್ಟಬಹುದೆಂದು ತಲೆಯಾಡಿಸಿದ ಮೇಲೆ ಕೈಗವಸು ಕಳಚಿ, ತಾಮ್ರದ ಹಲಗೆಯ ಹೊರಮೈಯನ್ನು ಮುಟ್ಟಿದಳು. ಬರೀ ಉಗುರುಬೆಚ್ಚಗಿತ್ತು. ಅಂಗೈಯಿಂದ ಒಂದು ಗೇಣು ಆಚೆಗೆ ಕಲ್ಲು ನೀರಾಗುತ್ತಿತ್ತು, ಈಚೆಗೆ ಅವಳ ಬೆರಳು ಸುಡುತ್ತಿರಲಿಲ್ಲ. ಊಟದ ಗಂಟೆ ಹೊಡೆಯಿತು, ತಂಡದವರು ಕೂಗಿ ಕರೆದರು. "ನೀವು ಹೋಗಿ, ಬರ್ತೀನಿ," ಎಂದವಳು ಅಂಗೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು.